‘ನಮ್ಮವರಲ್ಲೇ ಆಗಬೇಕು’: ಮದುವೆಯ ಒತ್ತಡ, ಅಪ್ಪನ ಬಿಪಿ ಮತ್ತು ನಿಮ್ಮ ನಿದ್ದೆ

ಪುಣೆ, ಹೈದರಾಬಾದ್, ಚೆನ್ನೈಗಳಲ್ಲಿ ಕೆಲಸ ಮಾಡುತ್ತಿರುವ ಅನೇಕ ಕನ್ನಡ ಬ್ರಾಹ್ಮಣ ಯುವಕ ಯುವತಿಯರಿಗೆ ಊರಿನಿಂದ ಫೋನ್ ಬಂದರೆ ಎದೆ ಡವಡವ. ಊಟ ಆಯ್ತಾ ಎಂದು ಶುರುವಾದ ಮಾತು ಜಾತಕಕ್ಕೆ ಬಂದು ನಿಲ್ಲುತ್ತದೆ. ಬೇರೆ ಜಾತಿಯವರನ್ನು ಮೆಚ್ಚಿದ್ದರಂತೂ ಮುಗಿಯಿತು; ಮಾಧ್ವರ ಮನೆಗೆ ಸ್ಮಾರ್ತ ಸೊಸೆ ಎಂದರೂ ಮುಖ ಸಿಂಡರಿಸುವವರು ಇನ್ನೂ ಇದ್ದಾರೆ.

ಇದು ತಿಂಗಳುಗಟ್ಟಲೆ ನಡೆದರೆ ದೇಹ ಸುಮ್ಮನಿರುವುದಿಲ್ಲ. ನಡುರಾತ್ರಿ ಎಚ್ಚರ, ಹೊಟ್ಟೆಯುರಿ, ತಲೆನೋವು, ಸಣ್ಣದಕ್ಕೂ ಸಿಡುಕು. ಎರಡು ವಾರ ದಿನವೂ ಬೇಸರ, ನಿರಾಸಕ್ತಿ ಇದ್ದರೆ ವೈದ್ಯರನ್ನು ಕಾಣಿ.

ಹೆಚ್ಚಿನವರನ್ನು ಕಟ್ಟಿಹಾಕುವುದು ಜಾತಿಯ ವಾದವಲ್ಲ. ‘ಅಪ್ಪನಿಗೆ ಮೊದಲೇ ಬಿಪಿ, ಏನಾದ್ರೂ ಆದ್ರೆ ನೀನೇ ಹೊಣೆ’ ಎಂಬ ಮಾತು. ಇದನ್ನು ನಾಟಕ ಎಂದು ತಳ್ಳಿಹಾಕಬೇಡಿ. ಜಗಳದ ಹೊತ್ತಿನಲ್ಲಿ ರಕ್ತದೊತ್ತಡ ಏರುವುದು ನಿಜ; ಸಾಮಾನ್ಯವಾಗಿ ಸಿಟ್ಟು ಇಳಿದ ಮೇಲೆ ಅದೂ ಇಳಿಯುತ್ತದೆ. ಆದರೆ ಬಿಪಿ ಕಾಯಿಲೆಗೆ ವಯಸ್ಸು, ತೂಕ, ಉಪ್ಪು, ವಂಶ ಎಲ್ಲವೂ ಕಾರಣ. ಅದು ಹತೋಟಿಗೆ ಬರುವುದು ಮಾತ್ರೆ, ನಡಿಗೆ, ಉಪ್ಪಿನಕಾಯಿ ಹಪ್ಪಳಕ್ಕೆ ಕಡಿವಾಣ ಇವುಗಳಿಂದ. ಮಗಳು ಒಪ್ಪಿದ ಜಾತಕ ಮಾತ್ರೆಯ ಕೆಲಸ ಮಾಡುವುದಿಲ್ಲ.

ಹಾಗಾಗಿ ಎರಡು ವಿಷಯಗಳನ್ನು ಬೇರೆ ಮಾಡಿ. ‘ಅಮ್ಮಾ, ಅಪ್ಪನ್ನ ಈ ವಾರವೇ ಡಾಕ್ಟರಿಗೆ ತೋರಿಸೋಣ, ನಾನು ರಜಾ ಹಾಕಿ ಬರ್ತೀನಿ. ಮದುವೆ ಮಾತು ಬೇರೆ ದಿನ ಆಡೋಣ.’ ಹೇಳಿದಂತೆ ಹೋಗಿ ಬನ್ನಿ. ಎದೆನೋವು, ಉಸಿರುಕಟ್ಟುವಿಕೆ ಇದ್ದರೆ ತಕ್ಷಣ ಆಸ್ಪತ್ರೆಗೆ. ಮನೆಯಲ್ಲಿ ಯಾರಾದರೂ ‘ಸತ್ತೇಹೋಗ್ತೀನಿ’ ಎಂದರೆ ಅದನ್ನೂ ಹಗುರವಾಗಿ ಕಾಣಬೇಡಿ; ಹತ್ತಿರದವರನ್ನು ಜೊತೆಗಿರಿಸಿ, ಮನೋವೈದ್ಯರ ಬಳಿ ಕರೆದೊಯ್ಯಿರಿ. ಇದರ ಚಿಕಿತ್ಸೆಯೂ ನಿಮ್ಮ ಒಪ್ಪಿಗೆಯಲ್ಲ.

ಮಾತಿಗೆ ಕೂತಾಗ ‘ಜಾತಿ ಯಾಕೆ’ ಎಂದು ವಾದಿಸುವುದಕ್ಕಿಂತ ‘ನಿಮಗೆ ಯಾವುದರ ಭಯ’ ಎಂದು ಕೇಳುವುದು ಮೇಲು. ಶ್ರಾದ್ಧ ಯಾರು ಮಾಡ್ತಾರೆ, ಮನೆಯಲ್ಲಿ ಮಾಂಸದ ಅಡುಗೆ ಆಗುತ್ತದೆಯೇ, ತಂಗಿಗೆ ಸಂಬಂಧ ಸಿಗುತ್ತದೆಯೇ ಎಂಬ ಪ್ರಶ್ನೆಗಳು ಬಂದರೆ ಮಾತಾಡಬಹುದು. ಬರೀ ಮೇಲುಕೀಳಿನ ಮಾತು ಬಂದರೆ ಒಪ್ಪಬೇಕಿಲ್ಲ. 2021ರಲ್ಲಿ ತಮಿಳು ಬ್ರಾಹ್ಮಣ ಸಂಘವೊಂದು ವಧುಗಳಿಗಾಗಿ ಉತ್ತರ ಪ್ರದೇಶ, ಬಿಹಾರಗಳತ್ತ ಮುಖ ಮಾಡಿತ್ತು. ಭಾಷೆ, ಅಡುಗೆ, ಪದ್ಧತಿ ಎಲ್ಲ ಬೇರೆಯಾದರೂ ಆದೀತು, ಜಾತಿಯೊಂದು ಬಿಟ್ಟು! ಮನೆಯಲ್ಲಿ ನಿಮ್ಮ ಮಾತು ಕೇಳುವ ಸೋದರಮಾವನೋ ಅತ್ತೆಯೋ ಇದ್ದರೆ ಅವರಿಗೆ ಮೊದಲೇ ತಿಳಿಸಿ. ಅಮ್ಮನ ಸಮಾಧಾನಕ್ಕೆಂದು ಮನಸ್ಸಿಲ್ಲದೆ ಹೆಣ್ಣು ನೋಡಲು ಹೋಗುವುದು ಬೇಡ. ಆ ಹುಡುಗಿಯ ಪಾಡು ಏನು?

ಕಾನೂನು ಸ್ಪಷ್ಟವಾಗಿದೆ. 1955ರ ಹಿಂದೂ ವಿವಾಹ ಕಾಯ್ದೆಗೆ ಇಬ್ಬರು ಹಿಂದೂಗಳ ಜಾತಿ ಬೇರೆಯಾದರೆ ಅಡ್ಡಿಯಿಲ್ಲ. ಧರ್ಮ ಬೇರೆಯಾದರೆ 1954ರ ವಿಶೇಷ ವಿವಾಹ ಕಾಯ್ದೆ ಇದೆ. 30 ದಿನ ಮೊದಲು ನೋಟಿಸ್ ಕೊಡಬೇಕು. ವಯಸ್ಕರಿಬ್ಬರು ಒಪ್ಪಿದ ಮೇಲೆ ಕುಟುಂಬದ ಅಥವಾ ಸಮುದಾಯದ ಒಪ್ಪಿಗೆ ಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ.

ಫೋನ್ ಕಿತ್ತುಕೊಳ್ಳುವುದು, ಕೋಣೆಯಲ್ಲಿ ಕೂಡಿಹಾಕುವುದು, ಹೊಡೆತ ಇವು ಒತ್ತಡವಲ್ಲ, ಹಿಂಸೆ. 112ಕ್ಕೆ, ಮಹಿಳೆಯರು 181ಕ್ಕೂ ಕರೆ ಮಾಡಬಹುದು. ಮನಸ್ಸು ತೀರಾ ಕುಗ್ಗಿದ್ದರೆ ಟೆಲಿ ಮಾನಸ್ 14416 ಹಗಲು ರಾತ್ರಿ ಉಚಿತ. ಕನ್ನಡದಲ್ಲೇ ಮಾತಾಡಬೇಕು ಎಂದು ಕೇಳಿ.