ಹಳೇ ಲ್ಯಾಪ್‌ಟಾಪಿಗೆ ಹೊಸ ವೇಗ ಎಲ್ಲಿಂದ?

ಲ್ಯಾಮಿಂಗ್ಟನ್ ರಸ್ತೆಯಲ್ಲಿ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ನೋಡಿದೆ. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದರೆ ಹೊಸದರಂತೆ ಓಡುತ್ತದೆ ಎಂದರು ಅಂಗಡಿಯವರು. ಪ್ರೊಸೆಸರ್ ಅದೇ ಇರುವಾಗ ಇದು ಹೇಗೆ ಸಾಧ್ಯ? – ಓದುಗರು, ಧಾರಾವಿ

ಅವರು ಹೇಳಿದ್ದು ಬಹುಮಟ್ಟಿಗೆ ನಿಜ. ಹಳೇ ಲ್ಯಾಪ್‌ಟಾಪಿನ ಹೊತ್ತೆಲ್ಲ ಹೋಗುವುದು ಹೆಚ್ಚಾಗಿ ಫೈಲಿಗಾಗಿ ಕಾಯುವುದರಲ್ಲಿ. ನಿಮ್ಮ ಕುಂಬಾರವಾಡದ ತಿಗರಿಯ ಅಂಚಿಗೊಂದು ಗುರುತು ಹಾಕಿ ನೋಡಿ: ತಿಗರಿ ಸುತ್ತಿ ಆ ಗುರುತು ಕೈಯ ಬಳಿ ಬರುವ ತನಕ ಕಾಯಲೇಬೇಕು. ಹಾರ್ಡ್ ಡಿಸ್ಕೂ ಹಾಗೆಯೇ. ಅದರ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್. ಜೊತೆಗೆ ಓದುವ ಕಡ್ಡಿಯೂ ಸರಿಯಾದ ಜಾಗಕ್ಕೆ ಸರಿಯಬೇಕು. ವಿಂಡೋಸ್ ಶುರುವಾಗುವಾಗ ಇಂಥ ಹುಡುಕಾಟ ಸಾವಿರಾರು. ಎಸ್‌ಎಸ್‌ಡಿಯಲ್ಲಿ ತಿರುಗುವುದು ಏನೂ ಇಲ್ಲ. ಮಾಹಿತಿ ಚಿಪ್ಪಿನೊಳಗೆ ವಿದ್ಯುದಾವೇಶವಾಗಿ ಕೂತಿದ್ದು, ಕೇಳಿದರೆ ಸುಮಾರು 0.1 ಮಿಲಿಸೆಕೆಂಡಿನಲ್ಲಿ ಸಿಗುತ್ತದೆ. ಲೋಕಲ್ ಟ್ರೇನಿನ ಕುಲುಕಾಟಕ್ಕೂ ಅದು ಜಗ್ಗದು.

ಆದರೆ ಇಂಟೆಲ್ 8ನೇ ಪೀಳಿಗೆಗಿಂತ ಹಳೆಯ ಪ್ರೊಸೆಸರ್ ಇರುವುದನ್ನು ಕೊಳ್ಳಬೇಡಿ. ಅಂಥವಕ್ಕೆ ವಿಂಡೋಸ್ 11 ಸಾಮಾನ್ಯವಾಗಿ ಅಧಿಕೃತವಾಗಿ ಸಿಗದು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್‌ನಲ್ಲೇ ಮುಗಿದಿದೆ. ರ‍್ಯಾಮ್ 8 ಜಿಬಿಯಾದರೂ ಇರಲಿ. ಬ್ಯಾಟರಿಯ ವಿಷಯದಲ್ಲಿ ಮಾತು ನಂಬದೆ, ಅಂಗಡಿಯಲ್ಲೇ ಚಾರ್ಜರ್ ಕಿತ್ತು ಅರ್ಧ ಗಂಟೆ ಓಡಿಸಿ ನೋಡಿ.