ಅಂಗಾಲಿನ ಕರಿಮಚ್ಚೆ

ವಿಜಯಪುರ ಜಿಲ್ಲೆಯ ದೇವರ ಹಿಪ್ಪರಗಿಯ ಸುತ್ತಣ ಸೀಮೆಯು ಬಿಸಿಲಿಗೆ ಹೆಸರಾದುದು. ಬೇಸಗೆಯಲ್ಲಿ ಇಲ್ಲಿಯ ಉಷ್ಣತೆಯು 40 ಡಿಗ್ರಿ ಸೆಂಟಿಗ್ರೇಡನ್ನು ಮೀರುವುದುಂಟು. ಎರೆಹೊಲಗಳಲ್ಲಿ ಜೋಳ, ತೊಗರಿಗಳನ್ನು ಬೆಳೆಯುವ ರೈತನು ವರ್ಷದ ಬಹುಭಾಗವನ್ನು ಈ ಬಿಸಿಲಿನಲ್ಲಿಯೇ ಕಳೆಯುತ್ತಾನೆ. ಬಿಸಿಲಿನ ಅತಿನೇರಳೆ ಕಿರಣಗಳಿಂದ ಚರ್ಮದ ಕ್ಯಾನ್ಸರ್ ಉಂಟಾಗುವುದೆಂದು ಓದಿರುವ ವಿದ್ಯಾರ್ಥಿಯು, ಹಾಗಾದರೆ ಈ ಭಾಗದ ಜನರಲ್ಲಿ ಆ ರೋಗವು ವಿಪರೀತವಾಗಿರಬೇಕಲ್ಲವೆ ಎಂದು ಕೇಳಬಹುದು. ವಸ್ತುಸ್ಥಿತಿಯು ಬೇರೆ. ಚರ್ಮದ ಕ್ಯಾನ್ಸರುಗಳಲ್ಲಿ ಬಹು ಅಪಾಯಕರವಾದ ‘ಮೆಲನೋಮಾ’ ಭಾರತೀಯರಲ್ಲಿ ವಿರಳ. ಬಂದಾಗಲೂ ಅದು ಬಿಸಿಲು ಬೀಳುವ ಮುಖ, ಬೆನ್ನುಗಳನ್ನು ಬಿಟ್ಟು, ಬಿಸಿಲೇ ಕಾಣದ ಅಂಗಾಲಿನಲ್ಲಿ ಬಹಳ ಸಲ ಮೊಳೆಯುತ್ತದೆ. ಹೀಗೇಕೆ ಎಂಬುದನ್ನು ತಿಳಿಯಲು ಚರ್ಮದ ಒಳಗಿನ ವ್ಯವಸ್ಥೆಯನ್ನು ಸ್ವಲ್ಪ ನೋಡಬೇಕು.

ಚರ್ಮದ ಹೊರಪದರದ ತಳದಲ್ಲಿ, ಸುಮಾರು ಹತ್ತು ಸಾಮಾನ್ಯ ಜೀವಕೋಶಗಳಿಗೆ ಒಂದರಂತೆ, ‘ಮೆಲನೋಸೈಟ್’ ಎಂಬ ಕೋಶಗಳಿರುವುವು. ಇವನ್ನು ವರ್ಣಕೋಶಗಳೆಂದು ಕರೆಯೋಣ. ಇವು ‘ಮೆಲನಿನ್’ ಎಂಬ ಕಪ್ಪು ದ್ರವ್ಯವನ್ನು ತಯಾರಿಸಿ, ಸಣ್ಣ ಸಣ್ಣ ಚೀಲಗಳಲ್ಲಿ ತುಂಬಿ, ನೆರೆಯ ಕೋಶಗಳಿಗೆ ಹಂಚುವುವು. ಮಳೆಯಲ್ಲಿ ಕಂಬಳಿಯ ಕೊಪ್ಪೆಯನ್ನು ತಲೆಯ ಮೇಲೆ ಹಾಕಿಕೊಳ್ಳುವಂತೆ, ನೆರೆಕೋಶಗಳು ಆ ಕಪ್ಪನ್ನು ತಮ್ಮ ಕೇಂದ್ರದ ಮೇಲೆ ಹರಡಿಕೊಂಡು, ಅತಿನೇರಳೆ ಕಿರಣಗಳಿಂದ ರಕ್ಷಣೆ ಪಡೆಯುವುವು. ಬಿಳಿಯರಲ್ಲಿಯೂ ಕಪ್ಪು ಮೈಯವರಲ್ಲಿಯೂ ವರ್ಣಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಅವು ತಯಾರಿಸುವ ಮೆಲನಿನ್ನಿನ ಪ್ರಮಾಣದಲ್ಲಿ ಮಾತ್ರ ಅಂತರವಿದೆ. ಈ ವರ್ಣಕೋಶಗಳೇ ಅಂಕೆ ಮೀರಿ ಬೆಳೆದರೆ ಅದು ಮೆಲನೋಮಾ.

ಅಂಕೆ ತಪ್ಪುವುದು ಹೇಗೆ? ಕೋಶದ ಕೇಂದ್ರದಲ್ಲಿರುವ ಡಿ.ಎನ್.ಎ. ಎಂಬುದು ನಾಲ್ಕೇ ಅಕ್ಷರಗಳಲ್ಲಿ ಬರೆದ ದೀರ್ಘ ಗ್ರಂಥ. ಅದರ ಒಂದು ಪ್ರತಿಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಗ್ರಂಥದ ಒಂದೊಂದು ಅಧ್ಯಾಯದಂತಿರುವ ಜೀನ್‌ಗಳು, ಕೋಶವು ಯಾವ ಪ್ರೋಟೀನನ್ನು ಕಟ್ಟಬೇಕೆಂಬುದನ್ನು ನಿರ್ಧರಿಸುವುವು. ‘ಒಡೆದು ಇಬ್ಬರಾಗು’ ಎಂಬ ಅಪ್ಪಣೆಯು ಹೊರಗಿನಿಂದ ಬಂದಾಗ, ಅದನ್ನು ಕೇಂದ್ರಕ್ಕೆ ಮುಟ್ಟಿಸಲು ಕೆಲವು ಪ್ರೋಟೀನುಗಳು ಸಾಲಾಗಿ ದುಡಿಯುವುವು. ಜೋಳವನ್ನು ಹಗೇವಿಗೆ ಇಳಿಸುವಾಗ ಆಳುಗಳು ಸಾಲಾಗಿ ನಿಂತು ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸುವಂತೆಯೇ ಇದು. ಕೋಶದ ಹೊರಮೈಯಲ್ಲಿರುವ ‘ಕಿಟ್’ ಅಪ್ಪಣೆಯನ್ನು ಪಡೆಯುತ್ತದೆ. ಅದು ‘ರಾಸ್’, ‘ಬಿರಾಫ್’, ‘ಮೆಕ್’, ‘ಎರ್ಕ್’ ಎಂಬವುಗಳ ಮೂಲಕ ಒಳಕ್ಕೆ ಸಾಗಿ, ಕೊನೆಗೆ ‘ಸೈಕ್ಲಿನ್ ಡಿ-1’ ಎಂಬ ಪ್ರೋಟೀನನ್ನು ಹೆಚ್ಚಿಸುತ್ತದೆ. ಆಗ ಕೋಶವು ವಿಭಜನೆಗೆ ತೊಡಗುತ್ತದೆ.

2002ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳ ತಂಡವೊಂದು ಮೆಲನೋಮಾಗಳ ಬಿರಾಫ್ ಜೀನಿನಲ್ಲಿ ಒಂದು ದೋಷವನ್ನು ಕಂಡುಹಿಡಿಯಿತು. ಒಂದೇ ಅಕ್ಷರ ಬದಲಾದುದರಿಂದ, ಆ ಪ್ರೋಟೀನಿನ 600ನೆಯ ಕೊಂಡಿಯಲ್ಲಿ ವ್ಯಾಲೀನ್ ಇರಬೇಕಾದೆಡೆ ಗ್ಲುಟಾಮಿಕ್ ಆಮ್ಲ ಬಂದು ಕುಳಿತಿರುತ್ತದೆ. ಆ ಬಳಿಕ ಬಿರಾಫ್, ತನ್ನ ಕೈಗೆ ಬುಟ್ಟಿ ಬಾರದಿದ್ದರೂ, ಮುಂದಿನವನಿಗೆ ಬುಟ್ಟಿಗಳನ್ನು ನೀಡುತ್ತಲೇ ಇರುತ್ತದೆ! ಬಿಳಿಯರ ಚರ್ಮದ ಮೆಲನೋಮಾಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಬಿರಾಫ್ ಕೆಟ್ಟಿರುತ್ತದೆ.

ಆದರೆ ಇದೊಂದೇ ಸಾಲದು. ನಿರಪಾಯಕರವಾದ ಸಾಮಾನ್ಯ ಮಚ್ಚೆಗಳಲ್ಲಿಯೂ ಬಹುಮಟ್ಟಿಗೆ ಇದೇ ದೋಷವಿದೆ. ಮಚ್ಚೆಯ ಕೋಶಗಳು ಕೆಲಕಾಲ ಹೆಚ್ಚಿ, ‘ಪಿ-16’ ಮುಂತಾದ ತಡೆಗಳು ಬಿಗಿಯಾದೊಡನೆ ಬೆಳವಣಿಗೆಯನ್ನು ನಿಲ್ಲಿಸಿಬಿಡುವುವು. ಆ ತಡೆಗಳ ಜೀನ್‌ಗಳೂ ನಷ್ಟವಾದರೆ ಮಾತ್ರ ಕ್ಯಾನ್ಸರಿಗೆ ದಾರಿಯಾಗುವುದು.

ಅಂಗಾಲಿನ ಮೆಲನೋಮಾ ಹಿಡಿಯುವ ಹಾದಿ ಬೇರೆ. ಬಿಸಿಲಿನಿಂದ ಹುಟ್ಟಿದ ಗಂತಿಗಳ ಡಿ.ಎನ್.ಎ.ಯಲ್ಲಿ ಸಾವಿರಾರು ಅಕ್ಷರಗಳು ಬಿಡಿಬಿಡಿಯಾಗಿ ತಪ್ಪಾಗಿರುತ್ತವೆ. ‘ಸಿ’ ಇದ್ದೆಡೆ ‘ಟಿ’ ಬಂದಿರುವುದು ಅತಿನೇರಳೆ ಕಿರಣಗಳ ಗುರುತು. ಅಂಗಾಲಿನ ಗಂತಿಗಳಲ್ಲಿ ಅಂಥ ಗುರುತು ಅಲ್ಪ. ಅಲ್ಲಿ ಅಕ್ಷರದೋಷಕ್ಕಿಂತ ಹೆಚ್ಚಾಗಿ ಗ್ರಂಥದ ಹಾಳೆಗಳೇ ಹರಿದು ತಪ್ಪುತಪ್ಪಾಗಿ ಜೋಡಣೆಗೊಂಡಿರುತ್ತವೆ. ಕೆಲವದರಲ್ಲಿ ಕಿಟ್ ಜೀನ್ ಕೆಟ್ಟಿರುತ್ತದೆ. ಎಷ್ಟೋ ಗಂತಿಗಳಲ್ಲಿ ಸೈಕ್ಲಿನ್ ಡಿ-1ರ ಜೀನಿಗೆ ಅನೇಕ ಪ್ರತಿಗಳು ಹುಟ್ಟಿಕೊಂಡಿರುತ್ತವೆ. ಮೈಭಾರವು ಹೆಚ್ಚಾಗಿ ಬೀಳುವ ಹಿಮ್ಮಡಿ ಮುಂತಾದೆಡೆಗಳಲ್ಲಿಯೇ ಇವು ಹೆಚ್ಚೆಂದು ಜಪಾನಿನ ವೈದ್ಯರು 2016ರಲ್ಲಿ ತೋರಿಸಿದರು. ಕಪ್ಪು ಬಣ್ಣವು ಬಿಸಿಲಿಗೆ ಕೊಡೆಯೇ ಹೊರತು, ಈ ಬಗೆಯ ಹಾನಿಗಲ್ಲ. ಜಮೈಕಾದ ಪ್ರಸಿದ್ಧ ಗಾಯಕ ಬಾಬ್ ಮಾರ್ಲಿಯವರು 1981ರಲ್ಲಿ, ತಮ್ಮ 36ನೆಯ ವಯಸ್ಸಿನಲ್ಲಿ, ಕಾಲ್ಬೆರಳಿನ ಉಗುರಿನಡಿ ಹುಟ್ಟಿದ ಮೆಲನೋಮಾದಿಂದಲೇ ತೀರಿಕೊಂಡರು.

ಯಾವ ಹಾದಿಯಿಂದ ಬಂದರೂ ಮುಂದಿನ ಕಥೆ ಹೆಚ್ಚುಕಡಿಮೆ ಒಂದೇ. ಮೊದಮೊದಲು ಗಂತಿಯು ಚರ್ಮದ ಹೊರಪದರದಲ್ಲಿ ಅಡ್ಡಡ್ಡಲಾಗಿ ಹರಡುತ್ತದೆ. ಆಗ ಅದು ಕೇವಲ ಒಂದು ಕಲೆ. ವರ್ಣಕೋಶವನ್ನು ನೆರೆಕೋಶಗಳಿಗೆ ಅಂಟಿಸಿ ಹಿಡಿದಿರುವ ‘ಇ-ಕೆಡ್‌ಹೆರಿನ್’ ಎಂಬ ಪ್ರೋಟೀನ್ ಕಡಿಮೆಯಾದಾಗ, ಹಿಡಿತವು ಸಡಿಲಿ, ಕೋಶಗಳು ಒಳಚರ್ಮಕ್ಕೆ ಇಳಿಯುವುವು. ಅಲ್ಲಿಂದ ದುಗ್ಧರಸದ ನಾಳಗಳ ಮೂಲಕ ತೊಡೆಸಂದಿನ ಗ್ರಂಥಿಗಳಿಗೂ, ರಕ್ತದ ಮೂಲಕ ಶ್ವಾಸಕೋಶ, ಯಕೃತ್ತು, ಮಿದುಳುಗಳಿಗೂ ಸಾಗುವುವು. ಗಂತಿಯು ಎಷ್ಟು ಆಳಕ್ಕಿಳಿದಿದೆಯೆಂಬುದರ ಮೇಲೆ ರೋಗಿಯ ಭವಿಷ್ಯವು ನಿಂತಿರುವುದೆಂದು 1970ರಲ್ಲಿ ಬ್ರೆಸ್ಲೋ ಎಂಬ ವೈದ್ಯರು ತೋರಿಸಿದರು. 1 ಮಿಲಿಮೀಟರಿಗಿಂತ ತೆಳುವಾಗಿರುವಾಗಲೇ ಕತ್ತರಿಸಿ ತೆಗೆದರೆ ಬಹುಪಾಲು ರೋಗಿಗಳು ಗುಣಹೊಂದುವರು.

ಕೆಟ್ಟ ಬಿರಾಫ್ ಪ್ರೋಟೀನನ್ನು ತಡೆಯುವ ಔಷಧಿಯು 2011ರಲ್ಲಿ ಬಳಕೆಗೆ ಬಂದಿತು. ಅಂಗಾಲಿನ ಗಂತಿಗಳಲ್ಲಿ ಆ ದೋಷವಿರುವುದು ಕೆಲವಕ್ಕೆ ಮಾತ್ರವಾದುದರಿಂದ, ಅದು ಎಲ್ಲರಿಗೂ ಒದಗದು. ದೇಹದ ರಕ್ಷಣಾ ಕೋಶಗಳ ಕಟ್ಟು ಬಿಚ್ಚಿ ಅವನ್ನು ಕ್ಯಾನ್ಸರಿನ ಮೇಲೆ ಹೋರಲು ಬಿಡುವ ಔಷಧಿಗಳೂ ಈಗ ಇವೆ. ಅವಕ್ಕೆ ಆಧಾರವಾದ ಸಂಶೋಧನೆಗೆ 2018ರ ನೊಬೆಲ್ ಪಾರಿತೋಷಕವು ಸಂದಿತು. ಇವು ಕೂಡ ಅಂಗಾಲಿನ ಗಂತಿಗಳ ಮೇಲೆ ಕಡಿಮೆ ಪರಿಣಾಮಕಾರಿ. ಆದಕಾರಣ ಬೇಗ ಗುರುತಿಸುವುದೇ ನಮ್ಮ ಜನಕ್ಕೆ ಮುಖ್ಯ.

ಬರಿಗಾಲಿನಲ್ಲಿ ನಡೆಯುವವರಿಗೆ ಜಾಲಿಯ ಮುಳ್ಳು ಚುಚ್ಚುವುದೂ, ಆಣಿಯಾಗುವುದೂ ಸಾಮಾನ್ಯ. ಅದರಿಂದಲೇ ಅಂಗಾಲಿನ ಕಪ್ಪುಕಲೆಯನ್ನು ಯಾರೂ ಲಕ್ಷಿಸುವುದಿಲ್ಲ. ಅಂಚು ಅಂಕುಡೊಂಕಾಗಿ ಹರಡುತ್ತಿರುವ ಕಲೆ, ಉಗುರಿನಡಿ ಅಗಲವಾಗುತ್ತಿರುವ ಕಪ್ಪು ಗೆರೆ, ವಾರಗಟ್ಟಲೆ ಮಾಯದೆ ರಕ್ತ ಒಸರುವ ಹುಣ್ಣು, ಇವನ್ನು ಬ್ಲೇಡಿನಿಂದ ಕೊಯ್ದುಕೊಳ್ಳುವುದಾಗಲಿ ಸುಟ್ಟುಕೊಳ್ಳುವುದಾಗಲಿ ಸಲ್ಲದು. ವೈದ್ಯರು ಅದರ ತುಣುಕನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರೆ ನಿಜ ತಿಳಿಯುತ್ತದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಶಾಖೆಯು ಕಲಬುರ್ಗಿಯಲ್ಲಿದೆ. ಹುಬ್ಬಳ್ಳಿಯ ನವನಗರದಲ್ಲಿಯೂ ಕ್ಯಾನ್ಸರ್ ಆಸ್ಪತ್ರೆಯಿದೆ. ಮನೆಯ ಹಿರಿಯರು ತಮ್ಮ ಅಂಗಾಲನ್ನು ತಾವೇ ಬಗ್ಗಿ ನೋಡಿಕೊಳ್ಳಲಾರರು. ವಿದ್ಯಾರ್ಥಿಗಳು ತಿಂಗಳಿಗೊಮ್ಮೆ ಅವರ ಪಾದಗಳನ್ನು ಬೆಳಕಿಗೆ ಹಿಡಿದು ನೋಡಿದರೆ, ಈ ರೋಗವನ್ನು ಅದು ಇನ್ನೂ ಕಲೆಯಾಗಿರುವಾಗಲೇ ಹಿಡಿಯಬಹುದು.