ಬಳ್ಳಾರಿ ಜಾಲಿಯ ಪ್ರಶ್ನೆ

ಊರಿನ ಹೆಸರು ಅಲ್ಲಿಯ ಬೆಳೆಗೋ ಕೈಕಸಬಿಗೋ ಸೇರಿ ಕೀರ್ತಿಯನ್ನು ತರುವುದುಂಟು. ಇಳಕಲ್ಲ ಸೀರೆ, ನಂಜನಗೂಡಿನ ರಸಬಾಳೆ ಎಂದೊಡನೆ ಆಯಾ ಊರಿನವರ ಮುಖವರಳುವುದು. ಬಳ್ಳಾರಿಯ ಹೆಸರನ್ನಾದರೋ ಒಂದು ಮುಳ್ಳುಗಿಡವು ಕನ್ನಡನಾಡಿನ ಮೂಲೆಮೂಲೆಗೂ ಹೊತ್ತುಕೊಂಡು ಹೋಗಿದೆ. ಕೆರೆಯಂಗಳ, ರೈಲುದಾರಿಯ ಅಂಚು, ಬೀಳುಬಿದ್ದ ಹೊಲ, ಎಲ್ಲಿ ನೋಡಿದರೂ ಬಳ್ಳಾರಿ ಜಾಲಿ. ಆಶ್ಚರ್ಯದ ಸಂಗತಿಯೆಂದರೆ, ಈ ಗಿಡವು ಬಳ್ಳಾರಿಯದೂ ಅಲ್ಲ, ಭರತಖಂಡದ್ದೂ ಅಲ್ಲ.

ಮೆಕ್ಸಿಕೋ, ಮಧ್ಯ ಅಮೇರಿಕಾ ಮತ್ತು ಕೆರಿಬಿಯನ್ ದ್ವೀಪಗಳ ಒಣಸೀಮೆಯೇ ಇದರ ತವರು. ಮದರಾಸು ಪ್ರಾಂತದ ಅರಣ್ಯಾಧಿಕಾರಿಗಳಾಗಿದ್ದ ಬೆಡ್ಡೋಮರು 1876ರಲ್ಲಿ ಇದರ ಬೀಜವನ್ನು ಕೋರಿದರು. ಜಮೈಕಾದಿಂದ ಬಂದ ಬೀಜವನ್ನು 1877ರಲ್ಲಿ ಕಡಪಾ ಜಿಲ್ಲೆಯಲ್ಲಿ ಬಿತ್ತಲಾಯಿತು. ಕಡಪಾ, ಬಳ್ಳಾರಿಗಳೆರಡೂ ಅಂದು ಅದೇ ಪ್ರಾಂತದ ದತ್ತಮಂಡಲದೊಳಗಿದ್ದವು. 1876-78ರ ಭೀಕರ ಕ್ಷಾಮವು ಈ ಸೀಮೆಯನ್ನು ಬೇಯಿಸಿದ ಕಾಲವದು. ಮರವಿಲ್ಲದ ನೆಲಕ್ಕೆ ಸೌದೆಯಾದರೂ ಒದಗಲೆಂಬ ಉದ್ದೇಶವನ್ನು ನಾವು ಹಳಿಯಲಾರೆವು. 1940ರಲ್ಲಿ ಜೋಧಪುರ ಸಂಸ್ಥಾನವು ಇದಕ್ಕೆ ರಾಜವೃಕ್ಷವೆಂಬ ಪದವಿಯನ್ನೇ ಕೊಟ್ಟಿತು.

ಗಿಡದ ಗುಣಗಳನ್ನು ಮುಚ್ಚಿಡುವುದು ನ್ಯಾಯವಲ್ಲ. ಬಡವರ ಒಲೆಗೆ ಇದು ಪುಕ್ಕಟೆ ಸೌದೆ. ಇದರ ಇದ್ದಿಲಿಗೆ ಒಳ್ಳೆಯ ಕಾವಿದೆ. ಮರಳುನೆಲವನ್ನು ಇದು ಬಿಗಿದು ಹಿಡಿಯುವುದು. ಆದರೆ ಅತಿಥಿಯಾಗಿ ಬಂದುದು ಯಜಮಾನನಾಗಿ ಕುಳಿತಿದೆ. ಎಲೆಯನ್ನು ಮೇಕೆಯೂ ಮುಟ್ಟದು. ಸಿಹಿಯಾದ ಕಾಯನ್ನು ಮಾತ್ರ ದನಕರುಗಳು ಮೆಲ್ಲುವುವು. ಜೀರ್ಣವಾಗದ ಬೀಜವು ಸಗಣಿಯೊಡನೆ ಹೊಸ ನೆಲಕ್ಕೆ ಬಿದ್ದು ಮೊಳೆಯುವುದು. ಉದುರಿದ ಎಲೆಯ ರಸವು ಅನ್ಯ ಸಸಿಗಳನ್ನು ಏಳಗೊಡದು. ಕೀನ್ಯಾ ದೇಶದ ಬರಿಂಗೋ ಸರೋವರದ ದನಗಾಹಿಗಳು, ತಮ್ಮ ಸೀಮೆಯಲ್ಲಿ ಈ ಗಿಡವನ್ನು ನೆಡಿಸಿದ ಸರಕಾರದ ಮೇಲೆ 2006ರಲ್ಲಿ ನ್ಯಾಯಾಲಯಕ್ಕೆ ಹೋಗಿ, ಇದರ ಕಾಯಿ ತಿಂದು ಹಲ್ಲು ಕಳೆದುಕೊಂಡ ಮೇಕೆಯೊಂದನ್ನು ಸಾಕ್ಷ್ಯವಾಗಿ ತಂದು ನಿಲ್ಲಿಸಿದರು!

ನಮ್ಮಲ್ಲಿ ಸಾಕ್ಷ್ಯಕ್ಕೆ ನಿಲ್ಲಬೇಕಾದುದು ಒಂದು ಹಕ್ಕಿ. ಸಿರುಗುಪ್ಪದ ಎರೆಭೂಮಿಯ ಹುಲ್ಲುಬಯಲಿನಲ್ಲಿ ಎರ್ಲಡ್ಡು ಹಕ್ಕಿಯು ಕಂಡುಬಂದಿದೆ. ಇಡೀ ದೇಶದಲ್ಲಿ ಇನ್ನೂರಕ್ಕಿಂತಲೂ ಕಡಿಮೆ ಉಳಿದಿರುವ, ಬಹುಪಾಲು ರಾಜಸ್ಥಾನದಲ್ಲಿಯೇ ಇರುವ ಈ ಹಕ್ಕಿಗೆ ಕರ್ನಾಟಕದಲ್ಲಿ ಇದೇ ಕೊನೆಯ ನೆಲೆ. ನಾಲ್ಕು ದಿಕ್ಕೂ ಕಾಣುವ ಬಯಲಿನಲ್ಲಿ, ಬರಿ ನೆಲದ ಮೇಲೆ, ಅದು ಇಡುವುದು ಸಾಮಾನ್ಯವಾಗಿ ಒಂದೇ ಮೊಟ್ಟೆ. ಜಾಲಿಯು ನುಗ್ಗಿ ಪೊದೆಗಟ್ಟಿದಲ್ಲಿ ಅದಕ್ಕೆ ಬಾಳಿಲ್ಲ. ಕೃಷ್ಣಮೃಗಕ್ಕೂ ಓಡಲು ದಾರಿಯಿಲ್ಲ.

ಹಾಗಾದರೆ ಕಡಿದುಹಾಕಿದರೆ ತೀರಿತಲ್ಲವೆ ಎಂದು ವಾಚಕರು ಕೇಳಬಹುದು. ಕಡಿಯುವುದರಿಂದಲೇ ಇದು ಬಲಿಯುವುದೆಂಬುದು ಎಲ್ಲರಿಗೂ ತಿಳಿದಿರಬೇಕಾದ ಮಾತು. ನೆಲಮಟ್ಟದಲ್ಲಿ ಕೊಯ್ದ ಒಂದು ಬುಡದಿಂದ ಹತ್ತು ಚಿಗುರೇಳುವುವು. ಚಿಗುರುವ ಮೊಗ್ಗುಗಳಿರುವುದು ಬೇರಿನ ನೆತ್ತಿಯಲ್ಲಿ. ಆದುದರಿಂದ ನೆಲದಡಿ ಒಂದು ಅಡಿಯವರೆಗಾದರೂ ಅಗೆದು ಬುಡವನ್ನೇ ಕೀಳಬೇಕು. ಕಾಯಿ ಮಾಗುವುದಕ್ಕೆ ಮೊದಲೇ ಈ ಕೆಲಸವಾಗತಕ್ಕದ್ದು. ಬೀಜವು ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುವುದರಿಂದ, ಪ್ರತಿ ಮಳೆಗಾಲದ ತರುವಾಯ ಎಳೆಯ ಸಸಿಗಳನ್ನು ಕೈಯಿಂದ ಕಿತ್ತೆಸೆಯಬೇಕು. ಯಂತ್ರವನ್ನು ಒಂದು ದಿನ ಓಡಿಸಿ ಬಿಲ್ಲು ಬರೆದು ಮುಗಿಸುವ ಗುತ್ತಿಗೆಯ ಕೆಲಸ ಇದಲ್ಲ, ವರುಷಗಳ ಒಕ್ಕಲುತನ.

ಕಿತ್ತ ನೆಲವನ್ನು ಬರಿದಾಗಿ ಬಿಟ್ಟರೆ ಜಾಲಿಯೇ ಮರಳಿ ಬರುವುದು. ಏನನ್ನು ಎಲ್ಲಿ ಬೆಳೆಸಬೇಕೆಂಬುದೇ ಇಲ್ಲಿಯ ಮುಖ್ಯ ಪ್ರಶ್ನೆ. ಕುರುಗೋಡಿನ ಕಲ್ಲುಗುಡ್ಡಗಳ ಇಳಿಜಾರಿಗೆ ಕಮರ, ತುಗ್ಗಲಿ, ಕಗ್ಗಲಿ, ಬಂದರಿಕೆ, ತಂಗಡಿಗಳು ಒಗ್ಗುವುವು. ಬಳ್ಳಾರಿ ನಗರದ ಬೀದಿಗೂ ಕೆರೆಯ ದಂಡೆಗೂ ಬೇವು, ಹೊಂಗೆ, ಹುಣಸೆ, ಕರಿಜಾಲಿಗಳುಂಟು. ಹೊಲದ ಬದುವಿಗೆ ಬನ್ನಿಯುಂಟು. ಇದು ಬಳ್ಳಾರಿ ಜಾಲಿಯ ದೂರದ ನೆಂಟನೇ. ಆದರೆ ತನ್ನ ನೆರಳಲ್ಲಿ ಜೋಳವನ್ನೂ ಬೆಳೆಯಗೊಡುವ, ಸೊಪ್ಪನ್ನು ಕುರಿಮೇಕೆಗಳಿಗೆ ಕೊಡುವ ಸಾಧುಮರ. ದಸರೆಯಂದು ಬನ್ನಿಯನ್ನು ಬಂಗಾರವೆಂದು ಹಂಚುವ ನಾವು ವರ್ಷಕ್ಕೊಂದು ಸಸಿಯನ್ನಾದರೂ ನೆಟ್ಟು ಉಳಿಸಿರುವೆವೆ? ಸಿರುಗುಪ್ಪದ ಎರೆಬಯಲಿನಲ್ಲಿ ಮಾತ್ರ ಯಾವ ಮರವನ್ನೂ ನೆಡಬಾರದು. ಅಲ್ಲಿ ಹುಲ್ಲೇ ವನ. ವನಮಹೋತ್ಸವದ ಉತ್ಸಾಹದಲ್ಲಿ ಬಯಲನ್ನು ತೋಪು ಮಾಡಹೊರಟರೆ ಜಾಲಿಯು ಮಾಡಿದ ಅಪಕಾರವನ್ನು ನಾವೇ ಪೂರ್ಣಗೊಳಿಸಿದಂತಾದೀತು.

ಇದು ಕೈಲಾಗದ ಕೆಲಸವೇನೂ ಅಲ್ಲ. ಇಲ್ಲಿಗೆ ದೂರವಲ್ಲದ ದರೋಜಿಯಲ್ಲಿ 1994ರಲ್ಲಿ ಕರಡಿಧಾಮವಾಯಿತು. ಬೋಳಾಗಿದ್ದ ಬಂಡೆಗುಡ್ಡಗಳಿಗೆ ಕಾವಲು ದೊರೆತ ಮೇಲೆ ಕುರುಚಲು ಕಾಡು ತಾನಾಗಿ ತಲೆಯೆತ್ತಿತು. ದನವನ್ನೂ ಕೊಡಲಿಯನ್ನೂ ಕೆಲವು ಕಾಲ ದೂರವಿಟ್ಟರೆ ನಮ್ಮ ನೆಲವು ತನ್ನ ಮಕ್ಕಳನ್ನು ಮರೆತಿಲ್ಲವೆಂಬುದಕ್ಕೆ ಅದೇ ನಿದರ್ಶನ.

ಕೊನೆಯದಾಗಿ, ಬಡವರ ಮಾತು. ಜಾಲಿಯ ಸೌದೆಯನ್ನು ತಲೆಯ ಮೇಲೆ ಹೊತ್ತು ಬರುವ ಹೆಂಗಸಿಗೂ, ಇದ್ದಿಲು ಸುಟ್ಟು ಬದುಕುವ ಕೂಲಿಗೂ ಬದಲಿ ದಾರಿಯನ್ನು ತೋರಿಸದೆ ಗಿಡವನ್ನು ಕೀಳಹೊರಡುವುದು ಅನ್ಯಾಯ. ಅದು ನಿಲ್ಲುವುದೂ ಇಲ್ಲ. ಬುಡ ಕೀಳುವ ಕೂಲಿ ಅವರಿಗೇ ದೊರೆಯಲಿ, ಕಿತ್ತ ಸೌದೆಯೂ ಇದ್ದಿಲೂ ಅವರದೇ ಆಗಲಿ, ಹೊಸ ಸಸಿಗಳ ಕಾವಲೂ ಅವರ ಕೈಯಲ್ಲಿರಲಿ. ಕೆರೆಗಳಿಂದಲೂ ಹುಲ್ಲುಬಯಲಿನಿಂದಲೂ ಕೆಲಸವನ್ನು ಆರಂಭಿಸಿ, ಊರೂರಿನ ಲೆಕ್ಕವನ್ನು ವರ್ಷವರ್ಷವೂ ಜನರ ಮುಂದಿಡುವುದು ನಗರಸಭೆ, ಪಂಚಾಯಿತಿ, ಅರಣ್ಯ ಇಲಾಖೆಗಳ ಅಧಿಕಾರಿಗಳ ಹೊಣೆ. ಕಿತ್ತ ಗಿಡಗಳ ಎಣಿಕೆಯಿಂದಲ್ಲ, ಮೂರನೆಯ ಬೇಸಗೆಯನ್ನು ದಾಟಿ ಬದುಕಿದ ಸಸಿಗಳ ಎಣಿಕೆಯಿಂದ ನಾವು ಅವರ ಕೆಲಸವನ್ನು ಅಳೆಯುವೆವು.